ಗಿರಾಕಿಗಳ ಮುಂದೆ ಕುಡಿಸಿದ ಹಾಲು

ಅಕ್ಕವ್ವ ಆ ಮಾತನ್ನು ನಮ್ಮ ಮಾವನ ಕಿವಿಗಷ್ಟೇ ಹೇಳಿದ್ದರೆ ಅಂದು ಏನೂ ಆಗುತ್ತಿರಲಿಲ್ಲ. ಆದರೆ ಅಕ್ಕವ್ವನಿಗೆ ಸಣ್ಣ ದನಿಯಲ್ಲಿ ಮಾತಾಡಲು ಬರುವುದಿಲ್ಲ.

ಬೆಳಗಿನ ಹಾಲಿನ ಹೊತ್ತು. ನಮ್ಮ ಕಟ್ಟೆಯ ಮುಂದೆ ಓಣಿಯ ಗಿರಾಕಿಗಳು ಚರಿಗೆ, ಡಬ್ಬಿ ಹಿಡಿದು ನಿಂತಿದ್ದರು. ಮಾವ ರಾಮಪ್ಪ ಕ್ಯಾನಿನೊಳಗೆ ಅಳತೆಯ ಮಾಪು ಮುಳುಗಿಸಿ ಎತ್ತಿದ್ದರು. ಅಕ್ಕವ್ವ ತನ್ನ ಚರಿಗೆಯ ಬಾಯಿಗೆ ಅಂಗೈ ಮುಚ್ಚಿದಳು.

“ತಡಿ ರಾಮಪ್ಪಾ. ನಿನ್ನ ಮೊಮ್ಮಗ ನಿಮ್ಮ ಹಾಲು ಕುಡದ್ರ ವಾಂತಿ ಮಾಡ್ಕೋತಾನಂತ. ಓಣಿ ತುಂಬ ಸುದ್ದಿ ಆಗೇತಿ. ಹಾಲಿನಾಗ ಏನ್ ಹಾಕ್ತಿ, ಖರೇ ಹೇಳು.”

“ಎಮ್ಮಿ ಕೆಚ್ಚಲದಾಗ ಇದ್ದದ್ದ ಇದರಾಗ ಐತಿ. ನಾ ಏನ್ ಹಾಕ್ಲಿ?”

“ಮತ್ತ ನಿಮ್ಮ ಕೂಸಿಗೆ ಯಾಕ ಕುಡಸೂದಿಲ್ಲ? ನಮ್ಮ ಮೊಮ್ಮಕ್ಕಳಿಗೆ ಮಾರ್ತಿ, ನಿಮ್ಮ ಕೂಸಿಗೆ ಅಕ್ಕಿ ಗಂಜಿ ಹಾಕ್ತೀರಿ. ನಾವೇನ್ ಹುಚ್ಚರನ?”

ಹಿಂದೆ ನಿಂತ ಯಾರೋ ನಕ್ಕರು. ಇನ್ಯಾರೋ, “ಪ್ಯಾಕೆಟ್ ಹಾಲ ಛಲೋ ಬಿಡ್ರಿ,” ಎಂದರು.

ನಾನು ಒಳಗೆ ಒಲೆಯ ಮುಂದೆ ರೊಟ್ಟಿ ಬಡಿಯುತ್ತ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದೆ. ಮಗ ಪ್ರತಾಪ ನನ್ನ ಮಗ್ಗುಲಲ್ಲಿ ಕುಳಿತು ಖಾಲಿ ಡಬ್ಬಿಯನ್ನು ಚಮಚದಿಂದ ಹೊಡೆಯುತ್ತಿದ್ದ. ಅವನಿಗೆ ಇನ್ನೂ ವರ್ಷ ತುಂಬಿರಲಿಲ್ಲ. ಹೊರಗಿನ ದನಿಗಳು ಏರಿದಂತೆ ಅವನೂ ಜೋರಾಗಿ ಹೊಡೆದ.

ಸುದ್ದಿ ಹಬ್ಬಿಸಿದವರು ಹೊರಗಿನವರಲ್ಲ. ನಮ್ಮ ಅತ್ತೆ ರೇಣವ್ವನೇ. ಕಟ್ಟೆಯ ಮೇಲೆ ಕುಳಿತು ಬಂದವರೆದುರು ಹೋದವರೆದುರು ಅವರು ಹೇಳುತ್ತಿದ್ದುದು ಒಂದೇ: “ನಮ್ಮ ವಿದ್ಯಾ ಕೂಸಿಗೆ ಹಾಲು ಮುಟ್ಟಸೂದಿಲ್ಲ. ತಾನೂ ಮೊಸರು ಮುಟ್ಟೂದಿಲ್ಲ, ತುಪ್ಪ ಮುಟ್ಟೂದಿಲ್ಲ. ಹಾಲಿನ ಮನಿಗೆ ಬಂದು ಹಾಲಿಗೆ ಹೇಸ್ಕೋತಾಳ ಮಹಾರಾಣಿ.” ನಾನು ಕೆಟ್ಟವಳೆಂದು ಓಣಿಗೆ ತಿಳಿಯಲಿ ಎಂಬುದು ಅವರ ಆಸೆ. ಓಣಿ ಅದನ್ನು ಬಿಟ್ಟು ಹಾಲು ಕೆಟ್ಟದ್ದೆಂದು ತಿಳಿದುಕೊಂಡಿತು. ದುರ್ಗದಬೈಲಿನ ಹಿಂದಿನ ಈ ಓಣಿಯಲ್ಲಿ ನಾಲ್ಕು ಮನೆ ದಾಟುವಷ್ಟರಲ್ಲಿ ಯಾವ ಮಾತೂ ತನ್ನ ಮೊದಲ ರೂಪದಲ್ಲಿ ಉಳಿಯುವುದಿಲ್ಲ.

ನಡೆದದ್ದು ಇಷ್ಟು. ಪ್ರತಾಪನಿಗೆ ಮೇಲಿನ ಆಹಾರ ಹಿಡಿಸಿದಾಗ ಅತ್ತೆ ದಿನವೂ ಬೆಳಿಗ್ಗೆ, ಹಿಂಡಿದ ಹಾಲು ಕಾಸಿ, ಕೊಕ್ಕಿನ ಸಣ್ಣ ಬಟ್ಟಲಾದ ಒಳಲೆಯಲ್ಲಿ ಅವನಿಗೆ ಕುಡಿಸುತ್ತಿದ್ದರು. ಅವನು ಚಪ್ಪರಿಸಿ ಕುಡಿಯುತ್ತಿದ್ದ, ಆಡುತ್ತಿದ್ದ. ಹೊತ್ತೇರಿ, ನಾನು ಕೆಲಸ ಮುಗಿಸಿ ಗಂಜಿಯ ಬಟ್ಟಲು ಹಿಡಿದು ಕೂತಾಗ, ಎರಡು ತುತ್ತಿಗೇ ವಾಂತಿ. ಒಂದರ ಹಿಂದೊಂದು, ಹಸಿರು ನೀರು ಬರುವ ತನಕ. ಆಮೇಲೆ ಕೈಕಾಲು ಚೆಲ್ಲಿ ಮಲಗಿಬಿಡುತ್ತಿದ್ದ. ಮಲದಲ್ಲಿ ಲೋಳೆ, ಒಮ್ಮೊಮ್ಮೆ ರಕ್ತದ ಎಳೆ. ಹಾಲು ಕುಡಿಸಿದ ಕೈ ಆಗ ಅಲ್ಲಿ ಇರುತ್ತಲೇ ಇರಲಿಲ್ಲ. ಇರುತ್ತಿದ್ದುದು ನನ್ನ ಕೈ, ನನ್ನ ಬಟ್ಟಲು.

“ನನ್ನ ಕಡೆ ಇದ್ದಾಗ ನಗ್ತಿರ್ತೈತಿ ಕೂಸು. ನಿನ್ನ ಕೈಗೆ ಬಂತಂದ್ರ ವಾಂತಿ. ನಿನ್ನ ಕೈಗುಣ ನೋಡ್ಕೊ,” ಎನ್ನುತ್ತಿದ್ದರು ಅತ್ತೆ. ನಾನೂ ಅದನ್ನೇ ನಂಬಿ, ಬಟ್ಟಲನ್ನು ಬೂದಿ ಹಚ್ಚಿ ತಿಕ್ಕಿ, ಮತ್ತೆ ತಿಕ್ಕಿ, ಬಿಸಿನೀರಿನಲ್ಲಿ ಕುದಿಸುತ್ತಿದ್ದೆ. ಓಣಿಯ ಡಾಕ್ಟರು ಹವಾ ಬದಲಾಗಿದ್ದಕ್ಕೆ ಹೀಗೆ ಎಂದು ಔಷಧಿ ಬರೆದರು. ಹವಾ ಬದಲಾಗಲಿಲ್ಲ, ಮಗ ಮಾತ್ರ ಸೊರಗುತ್ತ ಹೋದ.

ಕೊನೆಗೆ ಸತ್ತೂರಿನ ದಾರಿಯಲ್ಲಿರುವ ಒಂದು ಮಕ್ಕಳ ಆಸ್ಪತ್ರೆಗೆ ಹೋದೆ. ಅಲ್ಲಿಯ ಡಾಕ್ಟರಮ್ಮ ಯಾರೂ ಕೇಳದ ಒಂದು ಪ್ರಶ್ನೆ ಕೇಳಿದರು. “ವಾಂತಿ ಆದಾಗ ಏನು ತಿಂದಿದ್ದ ಅನ್ನೋದು ಬಿಡ್ರಿ. ಅದಕ್ಕಿಂತ ಎರಡು ಮೂರು ತಾಸು ಮೊದಲ ಏನು ಹೋಗಿತ್ತು ಹೊಟ್ಟಿಗೆ?”

ಹಾಲು. ಪ್ರತಿ ಸಲವೂ ಹಾಲು.

ಕೆಲವು ಅಲರ್ಜಿ ಮೈಮೇಲೆ ಗಂಧೆ ಎಬ್ಬಿಸಿ ಆ ಕ್ಷಣವೇ ಗೊತ್ತಾಗುತ್ತವೆ, ಇದು ಹಾಗಲ್ಲ, ಕರುಳಿನಲ್ಲಿ ತಡವಾಗಿ ಏಳುತ್ತದೆ ಎಂದು ಅವರು ಬಿಡಿಸಿ ಹೇಳಿದರು. ಹಾಲು, ಮೊಸರು, ತುಪ್ಪ ಎಲ್ಲ ಬಿಡಿಸಿ, ಮೊಲೆಹಾಲು ಕುಡಿಸುವ ತನಕ ನೀವೂ ಬಿಡಿ ಎಂದರು. ದೊಡ್ಡವನಾದಂತೆ ಬಹಳ ಮಕ್ಕಳಿಗೆ ತಾನಾಗಿಯೇ ಹೋಗುತ್ತದೆ, ಆದರೆ ಮನೆಯಲ್ಲಿ ಪರೀಕ್ಷೆ ಮಾಡಬೇಡಿ, ನಾವು ಹೇಳಿದಾಗ ಆಸ್ಪತ್ರೆಯಲ್ಲೇ ಕುಡಿಸಿ ನೋಡೋಣ ಎಂದರು. ನಾನು ಬಿಟ್ಟೆ. ಮಗ ಮೈ ತುಂಬಿಕೊಂಡ. ಕಾಲಿನ ಗೆಜ್ಜೆ ಬಿಗಿಯಾಗತೊಡಗಿದಾಗ ನಾನು ಒಬ್ಬಳೇ ಕೂತು ನಕ್ಕಿದ್ದೇನೆ.

ಮನೆಯಲ್ಲಿ ಯಾರೂ ಒಪ್ಪಲಿಲ್ಲ. ಡಾಕ್ಟರಮ್ಮ “ಆಕಳ ಹಾಲಿನ ಅಲರ್ಜಿ” ಎಂಬ ಹೆಸರು ಹೇಳಿದ್ದರಲ್ಲ, ಅದನ್ನು ನಾನು ಮನೆಗೆ ಬಂದು ಹಾಗೆಯೇ ಹೇಳಿದ್ದೆ. ಮಾವ ತಕ್ಷಣ ಹಿಡಿದುಕೊಂಡರು. “ಆಕಳ ಹಾಲು ಆಗೂದಿಲ್ಲಂದ್ರ ಆಕಳ ಹಾಲು ಕೊಡಬ್ಯಾಡ. ನಮ್ಮ ಕೊಟ್ಟಗ್ಯಾಗ ಒಂದರ ಆಕಳು ಐತೇನು? ನಾವು ಎಮ್ಮಿ ಮಂದಿ.” ಎಮ್ಮೆಯದೂ ಅಷ್ಟೇ, ಆಡಿನದೂ ಅಷ್ಟೇ ಎಂದು ಡಾಕ್ಟರಮ್ಮ ಮುಂದೆ ಹೇಳಿದ್ದನ್ನು ನಾನು ಎಷ್ಟು ಸಲ ಹೇಳಿದರೂ ಅವರಿಗೆ ಅದು ನನ್ನ ಸ್ವಂತ ಸೇರ್ಪಡೆಯಾಗಿ ಕೇಳಿಸಿತು. ಎಮ್ಮೆಯನ್ನು ಆಕಳ ಸಾಲಿಗೆ ಸೇರಿಸಿದ್ದೇ ಅವರಿಗೆ ಅವಮಾನ. ಅಂದಿನಿಂದ ಅವರು ನನ್ನ ಕೂಡ ನೇರ ಮಾತಾಡುವುದನ್ನು ಬಿಟ್ಟಿದ್ದರು.

ಅಂದು ಬೆಳಿಗ್ಗೆ ನೇರವಾಗಿಯೇ ಮಾತಾಡಿದರು.

“ಕೂಸಿನ್ನ ಹೊರಗ ತಾ.”

ನಂಬಿಕೆ ಇಲ್ಲದ ಗಿರಾಕಿಯ ಮುಂದೆ ಅದೇ ಕ್ಯಾನಿನ ಹಾಲನ್ನು ಮನೆಯವರೇ ಕುಡಿದು ತೋರಿಸುವುದು ಈ ಮನೆಯ ರೂಢಿ. ಮಾವನ ಅಪ್ಪ ಹಾಗೆ ಮಾಡುತ್ತಿದ್ದರಂತೆ. ಮಾವ ಆಗಲೇ ಒಂದು ಮಾಪು ಎತ್ತಿ ಗಟಗಟ ಕುಡಿದು, ಮೀಸೆ ಒರೆಸಿಕೊಂಡಿದ್ದರು. ಅಕ್ಕವ್ವ ಕೈ ತೆಗೆದಿರಲಿಲ್ಲ. “ನೀ ಕುಡದ್ರ ಏನ್ ಬಂತು? ನಿನ್ನ ಹೊಟ್ಟಿ ಕಲ್ಲು ಅರಗಸ್ತೈತಿ. ಕೂಸಿಗೆ ಕುಡಸು, ನೋಡೂಣು,” ಎಂದಿದ್ದಳು.

ನಾನು ರೊಟ್ಟಿ ಬಿಟ್ಟು ಪ್ರತಾಪನನ್ನು ಎತ್ತಿಕೊಂಡೆ. ಹಿತ್ತಲ ಬಾಗಿಲ ಕಡೆ ತಿರುಗುವಷ್ಟರಲ್ಲಿ ಅತ್ತೆ ಒಳಗೆ ಬಂದಾಗಿತ್ತು.

“ಎಲ್ಲಿ ಓಡ್ತಿ? ತಾ ಇಲ್ಲೆ.”

“ಅತ್ತಿ, ಬ್ಯಾಡ್ರಿ. ಎಲ್ಲಾ ಗೊತ್ತಿದ್ದೂ ಕುಡಸ್ತೀರೇನ್ರಿ?”

“ಒಂದು ಒಳಲಿ ಹಾಲಿಗೆ ಯಾವ ಕೂಸೂ ಸತ್ತಿಲ್ಲ. ನಮ್ಮ ಗಿರಾಕಿ ಸಾಯಾಕತ್ತಾವ ಇಲ್ಲೆ.”

ನಾನು ಬಿಡಲಿಲ್ಲ. ಆಗ ಗಂಡ ಮಾಲತೇಶ ಬಂದ. ಕೊಟ್ಟಿಗೆಯಿಂದ ಹಾಗೇ ಬಂದಿದ್ದ, ಮೊಣಕೈ ತನಕ ಒದ್ದೆ. ಅವನು ನನ್ನ ಪರವಾಗಿ ಬಂದನೆಂದುಕೊಂಡೆ. ಅವನು ನನ್ನ ಮಣಿಕಟ್ಟು ಹಿಡಿದ. ಜೋರಾಗಿ ಅಲ್ಲ. ಜೋರಾಗಿ ಹಿಡಿದಿದ್ದರೆ ಕಚ್ಚುತ್ತಿದ್ದೆನೇನೋ.

“ವಿದ್ಯಾ, ಮಂದಿ ನೋಡಾಕತ್ತಾರ. ಸ್ವಲ್ಪ ಅಷ್ಟ. ಆಕಳದಲ್ಲ, ಎಮ್ಮಿದು. ಏನೂ ಆಗೂದಿಲ್ಲ, ನಾ ಇದ್ದೇನಲ್ಲ.”

ಅಷ್ಟರಲ್ಲಿ ಮಗು ನನ್ನ ಸೊಂಟದಿಂದ ಅತ್ತೆಯ ಸೊಂಟಕ್ಕೆ ಹೋಗಿತ್ತು.

ಕಟ್ಟೆಯ ಮೇಲೆ ಅತ್ತೆ ಅವನನ್ನು ತೊಡೆಯ ಮೇಲೆ ಮಲಗಿಸಿಕೊಂಡರು. ಮಾವ ಎಲ್ಲರಿಗೂ ಕಾಣುವಂತೆ ಕ್ಯಾನಿನಿಂದ ಒಳಲೆಗೆ ಹಾಲು ಬಗ್ಗಿಸಿದರು. ನಾನು ಬಾಗಿಲಲ್ಲಿ ನಿಂತು, “ಅದಕ್ಕ ಆಗೂದಿಲ್ರೀ, ಯಾರರ ಬ್ಯಾಡ ಅನ್ರಿ!” ಎಂದು ಕೂಗಿದೆ. ಗಿರಾಕಿಗಳು ನನ್ನ ಕಡೆ ನೋಡಿದರು. ಹಿಟ್ಟಿನ ಕೈ, ಜಾರಿದ ಸೆರಗು. ಅವರ ಮುಖ ನೋಡಿದರೆ ಅವರಿಗೆ ಯಾರ ಮೇಲೆ ಸಂಶಯ ಬಂತೆಂದು ತಿಳಿಯುತ್ತಿತ್ತು.

ಪ್ರತಾಪ ಕುಡಿದ. ಬಹಳ ದಿನದ ಮೇಲೆ ಸಿಕ್ಕಿದ ರುಚಿ. ಒಳಲೆ ಬಿಡದೆ ಎರಡೂ ಕೈಯಲ್ಲಿ ಹಿಡಿದು ಕುಡಿದ. ಮುಗಿದ ಮೇಲೆ ಮೇಲ್ತುಟಿಯ ಮೇಲೆ ಬಿಳಿ ಮೀಸೆ ಹೊತ್ತು ಎದ್ದು ಕೂತು ಅಕ್ಕವ್ವನ ಕಡೆ ನೋಡಿ ನಕ್ಕ.

ಓಣಿಯೂ ನಕ್ಕಿತು. “ಅಗದೀ ಅಜ್ಜನಂಗ ಮೀಸಿ!” ಎಂದರೊಬ್ಬರು. ಯಾರೂ ಹೋಗಲಿಲ್ಲ, ಸ್ವಲ್ಪ ಹೊತ್ತು ಕಾದು ನೋಡಿದರು. ಅವನು ಚಪ್ಪಾಳೆ ತಟ್ಟಿದ. ಮಾವನ ಮೀಸೆ ಎಳೆದ. ಅಕ್ಕವ್ವ ಅಂಗೈ ತೆಗೆದಳು.

“ದಿನದಕ್ಕಿಂತ ಅರ್ಧ ಲೀಟರ್ ಹೆಚ್ಚಿಗಿ ಹಾಕು. ಪಾಯಸ ಮಾಡ್ತೇನಿ,” ಎಂದಳು. ನನ್ನ ಕಡೆ ತಿರುಗಿ, “ಏನವಾ, ಹಾಲಿನ ಮನಿ ಹೆಸರು ಕೆಡಸಾಕ ಬಂದಿಯೇನು?” ಎಂದಳು.

ಮಾವ ಮಗುವನ್ನು ನನ್ನ ಕೈಗೆ ಇಟ್ಟರು. “ಹಿಡಿ. ಇನ್ನ ಮುಂದ ದಿನಾ ಮುಂಜಾನಿ ಇಲ್ಲೇ ಕುಡೀತಾನ, ಮಂದಿ ಮುಂದ. ನಿನ್ನ ಶಾಣ್ಯಾತನ ಒಲಿ ಮುಂದ ಇಟ್ಕೊ.”

ದಿನವೂ. ಅದೇ ಮಾತು ನನ್ನನ್ನು ನಿಲ್ಲಲು ಬಿಡಲಿಲ್ಲ.

ಒಲೆಯ ಮೇಲೆ ರೊಟ್ಟಿ ಸೀದು ಹೊಗೆ ಎದ್ದಿತ್ತು. ಹಂಚು ಇಳಿಸಿದೆ. ಬಟ್ಟೆಯ ಚೀಲ, ಅವನ ಚಡ್ಡಿಗಳು, ನೀರಿನ ಬಾಟಲಿ ತೆಗೆದುಕೊಂಡು ಮಾಲತೇಶನ ಎದುರು ನಿಂತೆ. “ಬೈಕ್ ತಗೀರಿ. ಆಸ್ಪತ್ರಿಗೆ ಹೋಗೂಣು.”

“ಯಾಕ? ಏನಾಗೇತಿ?”

“ಇನ್ನೂ ಏನೂ ಆಗಿಲ್ಲ.”

“ಏನೂ ಆಗದಿದ್ದ ಕೂಸಿನ್ನ ತಗೊಂಡು ಆಸ್ಪತ್ರಿಗೆ ಹೋಗ್ತಾರೇನು? ತಲಿ ಕೆಟ್ಟೈತೇನ ನಿನಗ? ಈಗರ ಮಂದಿ ನಂಬ್ಯಾರ. ನಿನ್ನ ಚೀಲಾ ನೋಡಿದ್ರ ಮತ್ತ ಸುದ್ದಿ ಆಗ್ತೈತಿ.”

ನಾನು ಅವನನ್ನು ದಾಟಿ ಹೊರಗೆ ಬಂದೆ. ಗಿರಾಕಿಗಳಲ್ಲಿ ಒಬ್ಬರಾದ ಜುಲ್ಫಿಕಾರ ಹಾಲಿನ ಡಬ್ಬಿಯನ್ನು ತಮ್ಮ ಆಟೋದ ಹ್ಯಾಂಡಲ್ಲಿಗೆ ತೂಗುಹಾಕುತ್ತಿದ್ದರು. ಹೋಗಿ ಹಿಂದಿನ ಸೀಟಿನಲ್ಲಿ ಕೂತುಬಿಟ್ಟೆ.

“ಸತ್ತೂರ ಕಡೆ ನಡ್ರಿ ಕಾಕಾ.”

ಅವರು ಮಗುವನ್ನು ನೋಡಿದರು, ನನ್ನನ್ನು ನೋಡಿದರು. “ಕೂಸು ನಗಾಕತ್ತೇತಿ, ನೀವು ಅಳಾಕತ್ತೀರಿ. ಯಾರಿಗೆ ಆರಾಮಿಲ್ಲ?”

“ಹೋಗ್ತ ಹೇಳ್ತೇನ್ರಿ. ಲಗೂ ನಡ್ರಿ.”

ಹಿಂದಿನಿಂದ ಅತ್ತೆಯ ದನಿ ಓಣಿ ತಿರುಗುವ ತನಕ ಬಂತು. “ಹೋಗು, ಹೋಗು! ತವರ ಮನಿ ದಾರಿ ಹಿಡದಾಳ ನೋಡ್ರಿ!” ನನ್ನ ತವರು ಆ ದಿಕ್ಕಿಗೇ ಇಲ್ಲ ಎಂಬುದು ಅವರಿಗೂ ಗೊತ್ತು.

ಹೊಸೂರು ದಾಟುವಷ್ಟರಲ್ಲಿ ಜುಲ್ಫಿಕಾರ ಕಾಕಾನಿಗೆ ಎಲ್ಲ ಹೇಳಿದ್ದೆ. ಅವರು, “ಅಂದ್ರ ಈಗ ಕುಡದದ್ದಕ್ಕ ಇನ್ನೊಂದು ತಾಸಿಗೆ ವಾಂತಿ?” ಎಂದರು.

“ಎರಡು ತಾಸಿಗೂ ಆಗಬಹುದ್ರಿ.”

“ಇದೇನು ಬಸ್ಸೇನ್ರಿ, ತಡಾ ಮಾಡಿ ಬರಾಕ? ನಾ ನಂಬೂದಿಲ್ಲ. ಆದ್ರ ಸೀಟ್ ಮ್ಯಾಲ ಆಗಬಾರ್ದು ನೋಡ್ರಿ, ನಿನ್ನೆ ತೊಳದೇನಿ.” ಅಂದರೂ ಆಟೋ ಜೋರಾಗಿಯೇ ಓಡಿಸಿದರು. ಉಣಕಲ್ ಕೆರೆ ಕಂಡಾಗ ಪ್ರತಾಪ ನನ್ನ ತೊಡೆಯ ಮೇಲೆ ಎದ್ದು ನಿಂತು ನೀರಿನ ಕಡೆ ಕೈ ಮಾಡಿ ಏನೋ ಕೂಗಿದ. ಅಷ್ಟು ಚೆನ್ನಾಗಿದ್ದ. ಒಂದು ಕ್ಷಣ ನನಗೇ ಹೊಯ್ದಾಟವಾಯಿತು. ಅಲರ್ಜಿ ಹೋಗಿಯೇ ಬಿಟ್ಟಿದ್ದರೆ? ನಾನೇ ಹುಚ್ಚಿಯಾಗಿದ್ದರೆ?

ಆಸ್ಪತ್ರೆಯಲ್ಲಿ ನರ್ಸ್ ಕೇಳಿದ ಮೊದಲ ಪ್ರಶ್ನೆಯೂ ಅದೇ. “ಏನಾಗೇತ್ರಿ?”

“ಏನೂ ಆಗಿಲ್ರಿ. ಇನ್ನ ಆಗ್ತೈತಿ.”

ಅವಳು ನನ್ನ ಮುಖವನ್ನೇ ನೋಡಿದಳು. ಹಾಲು ಕುಡಿಸಿದ್ದನ್ನು ಹೇಳಿದೆ. ಡಾಕ್ಟರಮ್ಮ ಇನ್ನೂ ಬಂದಿಲ್ಲ, ಬಂದೊಡನೆ ಹೇಳುತ್ತೇನೆ, ಇಲ್ಲೇ ನನ್ನ ಕಣ್ಣ ಮುಂದಿನ ಬೆಂಚಿನಲ್ಲಿ ಕೂಡಿ, ಎದೆಹಾಲು ಬಿಟ್ಟು ಏನೂ ಕೊಡಬೇಡಿ ಎಂದಳು. ಬೆಂಚಿನ ತುಂಬ ಜ್ವರದ ಮಕ್ಕಳು, ಕೆಮ್ಮುವ ಮಕ್ಕಳು. ಅವರ ನಡುವೆ ನನ್ನ ಮಗ ಒಬ್ಬನೇ ಎಲ್ಲರ ಕಾಲು ಹಿಡಿದು ನಿಲ್ಲಲು ನೋಡುತ್ತ, ಕಿರುಚಿ ನಗುತ್ತ ಇದ್ದ. ಪಕ್ಕದ ಹೆಂಗಸು ತನ್ನ ಸುಡುವ ಕೂಸನ್ನು ಎದೆಗೆ ಅವಚಿಕೊಂಡು, “ಇಷ್ಟು ಗಟ್ಟಿ ಇದ್ದದ್ದನ್ನ ತಗೊಂಡು ಬಂದು ಪಾಳಿ ಹಚ್ಚೀರಿ, ನಮ್ಮಂಥವ್ರು ಸಾಯಬೇಕು,” ಎಂದಳು. ಅವಳ ಜಾಗದಲ್ಲಿದ್ದರೆ ನಾನೂ ಅದನ್ನೇ ಅನ್ನುತ್ತಿದ್ದೆ.

ಮಾಲತೇಶ ಬೈಕಿನಲ್ಲಿ ಬಂದ. ಅಪ್ಪ ಕಳಿಸಿದ್ದರು. ಅಂಗಿ ಬದಲಿಸಿದ್ದ, ಮುಖ ಮಾತ್ರ ಬೆಳಗಿನದೇ.

“ಏಳು. ಮನಿಗೆ ನಡಿ.”

“ಸ್ವಲ್ಪ ತಡೀರಿ.”

“ಏನ್ ತಡೀಲಿ? ಕಣ್ಣಿಲ್ಲನ ನಿನಗ? ಆಡಾಕತ್ತಾನ. ಅಪ್ಪನ ಮುಂದ ನನ್ನ ಮಾನ ತಗದಿ, ಓಣಿ ಮುಂದ ತಗದಿ, ಈಗ ಇಲ್ಲೂ ತಗೀಬೇಕಂತಿಯೇನು?”

“ನಿಮ್ಮ ಮಾನ ಇಲ್ಲೇ ಬೆಂಚಿನ ಮ್ಯಾಲ ಇರ್ಲಿ. ನೀವೂ ಕೂಡ್ರಿ.”

ಅವನು ಕೂರಲಿಲ್ಲ. ನನ್ನೆದುರು ನಿಂತು ಬೈಯುತ್ತಲೇ ಇದ್ದ, ಸಣ್ಣ ದನಿಯಲ್ಲಿ, ಹಲ್ಲು ಕಚ್ಚಿ. ನಾನು ಓದಿದ್ದು ಹೆಚ್ಚಾಯಿತಂತೆ. ಡಾಕ್ಟರು ಹೇಳಿದ್ದೆಲ್ಲ ದೇವರ ವಾಕ್ಯವಂತೆ ನನಗೆ. ಅವನ ಅವ್ವ ನಾಲ್ಕು ಮಕ್ಕಳನ್ನು ಹಾಲು ಕುಡಿಸಿಯೇ ದೊಡ್ಡವರನ್ನಾಗಿ ಮಾಡಿದಳಂತೆ. ನಾನು ಕೇಳಿಸಿಕೊಳ್ಳುತ್ತಿದ್ದೆ, ಕಣ್ಣು ಮಾತ್ರ ಮಗನ ತುಟಿಯ ಮೇಲಿತ್ತು.

ಆ ಹೊತ್ತಿನಲ್ಲಿ ನನ್ನೊಳಗೆ ನಡೆದದ್ದನ್ನು ಹೇಳಲು ಯಾವ ತಾಯಿಗೂ ನಾಲಿಗೆ ಏಳುವುದಿಲ್ಲ. ಏನೂ ಆಗದಿರಲಿ ಎಂದು ಬೇಡುತ್ತಿದ್ದೆ. ಏನೂ ಆಗದಿದ್ದರೆ, ಅಥವಾ ತಡವಾಗಿ, ಮನೆಗೆ ಹೋದ ಮೇಲೆ ಆದರೆ, ನಾಳೆ ಬೆಳಿಗ್ಗೆ ಮತ್ತೆ ಕಟ್ಟೆ, ಮತ್ತೆ ಒಳಲೆ. ಆಗುವುದೇ ಇದ್ದರೆ ಇಲ್ಲಿ ಆಗಲಿ, ಇವನ ಕಣ್ಣೆದುರು ಆಗಲಿ. ಹಾಗೆ ನೆನೆದುಕೊಂಡ ಕೂಡಲೇ ಮಗನನ್ನು ಬಾಚಿ ಎತ್ತಿಕೊಂಡು ಅವನ ನೆತ್ತಿಯ ಮೇಲೆ ಮುಖ ಒತ್ತಿದೆ.

ಅವನು ಆಕಳಿಸಿದ. ಆಟ ನಿಲ್ಲಿಸಿದ. ನನ್ನ ಹೆಗಲ ಮೇಲೆ ತಲೆ ಇಟ್ಟ.

“ನೋಡು, ನಿದ್ದಿ ಬಂದೈತಿ ಅದಕ್ಕ,” ಎಂದ ಮಾಲತೇಶ.

ಮೊದಲ ವಾಂತಿ ನನ್ನ ಬೆನ್ನ ಮೇಲೆ ಆಯಿತು. ಬಿಸಿ, ಒಡೆದ ಹಾಲಿನ ವಾಸನೆ. ಎರಡನೆಯದು, ಮಗುವನ್ನು ಈಚೆ ತಿರುಗಿಸಿದಾಗ, ಎದುರಿಗಿದ್ದ ಮಾಲತೇಶನ ಅಂಗಿಯ ಮೇಲೆ. ಆಮೇಲೆ ಎಣಿಸಲಿಲ್ಲ. ಹೊಟ್ಟೆಯಲ್ಲಿ ಏನೂ ಉಳಿಯದಿದ್ದರೂ ಅವನ ಮೈ ಬಿಲ್ಲಿನಂತೆ ಬಾಗಿ ಬಾಗಿ ಹಸಿರು ನೀರನ್ನು ಹೊರಹಾಕುತ್ತಿತ್ತು. ತುಟಿಯ ಬಣ್ಣ ಹೋಯಿತು, ಮುಖ ಸುಣ್ಣದ ಗೋಡೆಯಂತಾಯಿತು. ಕೈ ತಣ್ಣಗಾದವು. ಕತ್ತು ನಿಲ್ಲದಾಯಿತು.

“ವಿದ್ಯಾ, ಏನಾಗಾಕತ್ತೈತಿ? ಏ ವಿದ್ಯಾ!” ಮಾಲತೇಶ ಬೆಂಚಿಗೆ ಒರಗಿದ್ದ. ಇಷ್ಟು ದಿನ ಇದೆಲ್ಲ ಅವನು ದುರ್ಗದಬೈಲಿನ ಹೋಟೆಲುಗಳಿಗೆ ಹಾಲು ಹಾಕಿ ತಿರುಗಿ ಬರುವುದರೊಳಗೆ ಮುಗಿದಿರುತ್ತಿತ್ತು. ಅವನು ಕಂಡದ್ದು ಒಗೆದ ಬಟ್ಟೆ ಮತ್ತು ಮಲಗಿದ ಮಗು ಮಾತ್ರ.

ನರ್ಸ್ ಆಗಲೇ ಓಡಿ ಬಂದಿದ್ದಳು. ಮಗುವನ್ನು ಒಳಗೆ ಒಯ್ದರು. ಆಗತಾನೆ ಬಂದ ಡಾಕ್ಟರಮ್ಮ ಚೀಲವನ್ನೂ ಇಳಿಸದೆ ಒಳಗೆ ಹೋದರು. ರಕ್ತನಾಳ ಸಿಗದೆ ಎರಡು ಸಲ ಚುಚ್ಚಿದರು, ಅವನು ಅಳಲಿಲ್ಲ. ಸಲೈನು ಹರಿಯತೊಡಗಿತು. ವಾಂತಿ ನಿಲ್ಲುವ ಔಷಧಿ ಕೊಟ್ಟರು. ಎಷ್ಟೋ ಹೊತ್ತಿನ ಮೇಲೆ ಒಂದು ಸಣ್ಣ, ಸಿಟ್ಟಿನ ಅಳು ಕೇಳಿತು.

ಡಾಕ್ಟರಮ್ಮ ಮಾಲತೇಶನನ್ನು ನೋಡಿದರು. “ಏನು ಕೊಟ್ಟಿದ್ರಿ?”

ಅವನು ಅಂಗಿಯ ಕಲೆಯನ್ನು ನೋಡುತ್ತ, “ಸ್ವಲ್ಪ ಎಮ್ಮಿ ಹಾಲು ರೀ. ನೀವು ಆಕಳದು ಅಂದಿದ್ರಂತ…” ಎಂದ.

“ಎಮ್ಮಿ, ಆಡು, ಆಕಳು ಯಾವುದೂ ಬ್ಯಾಡಂತ ಈಕಿಗೆ ಹೇಳಿದ್ದೆ. ಈಕಿ ನಿಮಗ ಹೇಳಲಿಲ್ಲೇನು?”

ಅವನು ಅಂಗಿಯ ಕಲೆಯನ್ನು ಉಗುರಿನಿಂದ ಕೆರೆಯತೊಡಗಿದ.

“ಹೇಳಿದ್ಲು ಅನ್ರಿ,” ಎಂದರು ಡಾಕ್ಟರಮ್ಮ. “ಮನ್ಯಾಗ ಆಗಿ, ನೀವು ಗಾಡಿ ಹುಡುಕಿ ಇಲ್ಲಿ ತನಕ ಬರೂದ್ರಾಗ ಮೈ ಒಣಗಿ ಜೀವಕ್ಕ ಬಂದ್ರ ಯಾರ ಮುಂದ ಹೇಳ್ತಿದ್ರಿ?” ಮಗುವಿನ ನಾಡಿ ನೋಡಲು ತಿರುಗಿದರು.

ಅಷ್ಟರಲ್ಲಿ ಅವನ ಫೋನು ರಿಂಗಾಯಿತು. ಮಾವ. ಅವರ ದನಿ ಫೋನಿನ ಹೊರಗೂ ಕೇಳುವಂಥದು. “ಏನಾತಲೇ? ಆರಾಮ ಅದಾನಿಲ್ಲ? ಇಲ್ಲೆ ಅಕ್ಕವ್ವ ಮತ್ತ ಬಂದು ಕುಂತಾಳ, ಕೇಳಾಕತ್ತಾಳ.”

ಮಾಲತೇಶ ಹಾಸಿಗೆಯ ಕಡೆ ನೋಡಿದ. ಸಲೈನಿನ ನಳಿಗೆ ನೋಡಿದ.

“ಆರಾಮ ಅದಾನಪ್ಪಾ,” ಎಂದ.

ಇಷ್ಟು ವರ್ಷದಲ್ಲಿ ನಾನು ದನಿ ಎತ್ತಿದ್ದು ಅಂದು ಬೆಳಿಗ್ಗೆ ಬಾಗಿಲಲ್ಲಿ ಕೂಗಿದ್ದೊಂದೇ ಸಲ. ಈಗ ಎತ್ತಲಿಲ್ಲ. ಫೋನನ್ನು ಅವನ ಕಿವಿಯಿಂದ ತೆಗೆದುಕೊಂಡೆ.

“ಮಾವಾರ, ಆರಾಮ ಇಲ್ರಿ. ಸಲೈನ್ ಹಚ್ಯಾರ. ನೀವು ಕುಡಿಸಿದ ಹಾಲು ನಿಮ್ಮ ಮಗನ ಅಂಗಿ ಮ್ಯಾಲ ಐತಿ.”

“ನನ್ನ ಹಾಲಿಗೆ ವಿಷಾ ಅಂತಿಯೇನ ನೀ?”

“ನಿಮ್ಮ ಹಾಲು ಚೊಕ್ಕ ಐತ್ರಿ. ಇವನ ಕರುಳಿಗೆ ಅದು ಆಗೂದಿಲ್ಲ. ಎರಡೂ ಖರೇ.”

“ಎರಡೂ ಹೆಂಗ ಖರೇ ಆಗ್ತಾವ? ಅದನ್ನ ಗಿರಾಕಿಗೆ ಹೆಂಗ ಹೇಳ್ಲಿ ನಾ?”

“ನಿಮಗ ತಿಳದಿಲ್ಲಂದ ಮ್ಯಾಲ ಗಿರಾಕಿಗೆ ಹೆಂಗ ಹೇಳ್ತೀರಿ. ಅಕ್ಕವ್ವಗ ಫೋನ್ ಕೊಡ್ರಿ, ನಾ ಹೇಳ್ತೇನಿ.”

ಫೋನು ಕಟ್ಟಾಯಿತು.

ಮಾಲತೇಶ ನನ್ನನ್ನು ಹೊಡೆಯುವವನಂತೆ ನೋಡಿದ. ನಾನೂ ನೋಡಿದೆ. “ಆರಾಮ ಅದಾನಪ್ಪಾ,” ಎಂದು ಅವನ ದನಿಯಲ್ಲೇ ಅವನಿಗೆ ಹೇಳಿದೆ. ಅವನು ಹೊರಗೆ ಹೋಗಿ ನಿಂತ, ಮಧ್ಯಾಹ್ನ ಇಳಿದಾಗ ಮನೆಗೆ ಹೋದ. ಸಂಜೆಯ ಹಾಲು ಹಿಂಡಬೇಕಿತ್ತು. ಎಮ್ಮೆಗಳು ಯಾರ ಮಗುವಿಗೂ ಕಾಯುವುದಿಲ್ಲ.

ಸಂಜೆ ಅವನು ಅತ್ತೆಯನ್ನು ಕರೆದುಕೊಂಡು ಬಂದ. ಹಾಲಿನ ಸರದಿ ಮುಗಿಸಿಯೇ ಬಂದಿದ್ದರು. ಅತ್ತೆ ಮಗುವಿನ ಕೈಗೆ ಕಟ್ಟಿದ ಪಟ್ಟಿಯನ್ನು ನೋಡಿದರು, ಮುಟ್ಟಲಿಲ್ಲ. ಚೀಲದಿಂದ ಸ್ಟೀಲಿನ ಡಬ್ಬಿ ತೆಗೆದು ಮುಚ್ಚಳ ತಿರುವಿದರು.

“ಗಂಜಿ ಮಾಡೇನಿ. ಮುಂಜಾನಿಂದ ಹಸದಿರ್ತೈತಿ.” ನನ್ನ ಕಡೆ ನೋಡದೆಯೇ ಹೇಳಿದರು.

ಡಾಕ್ಟರಮ್ಮ ಸಂಜೆಗೆ ತೆಳ್ಳಗೆ ಗಂಜಿ ಕೊಡಬಹುದು ಎಂದಿದ್ದರು. ಮಗ ಎದ್ದು ಕೂತಿದ್ದ, ಡಬ್ಬಿ ಕಂಡು ಕೈ ಚಾಚಿದ. ಅತ್ತೆ ಚಮಚ ತುಂಬಿದರು. ನಾನು ಅವರ ಕೈ ಹಿಡಿದು ಡಬ್ಬಿಯನ್ನು ಮೂಗಿನ ಬಳಿ ಒಯ್ದೆ.

“ಇದರಾಗ ತುಪ್ಪ ಐತಿ.”

“ಒಂದು ಚಮಚ. ತುಪ್ಪ ಹಾಲಲ್ಲ. ಬರೇ ಗಂಜಿ ತಿಂದು ಕೂಸಿಗೆ ಕಸುವು ಹೆಂಗ ಬರ್ತೈತಿ?”

“ತುಪ್ಪಾನೂ ಬ್ಯಾಡ್ರಿ.”

“ಅದೂ ಬ್ಯಾಡ, ಇದೂ ಬ್ಯಾಡ! ಇಂಥಾ ಕೂಸು ಎಲ್ಲಿಂದ ಹಡದಿ? ನಮ್ಮ ವಂಶದಾಗ ಒಂದರ ಐತೇನು ಇಂಥಾದ್ದು?” ಪಕ್ಕದ ಹಾಸಿಗೆಯವರೂ ಇತ್ತ ತಿರುಗಿದರು. “ಬಿಡು ಕೈ. ಮುಂಜಾನಿಂದ ನೀರೂ ಕುಡದಿಲ್ಲ ನಾ ಇವನ ಸಲುವಾಗಿ.”

ನಾನು ಕೈ ಬಿಡಲಿಲ್ಲ. ಅವರೂ ಬಿಡಲಿಲ್ಲ. ಚಮಚ ನಮ್ಮಿಬ್ಬರ ನಡುವೆ ನಡುಗುತ್ತಿತ್ತು, ಪ್ರತಾಪ ಬಾಯಿ ತೆರೆದುಕೊಂಡು ಕಾಯುತ್ತಿದ್ದ.

ಡಬ್ಬಿಯನ್ನು ಕಸಿದುಕೊಂಡದ್ದು ಮಾಲತೇಶ. ಚಮಚದಲ್ಲಿದ್ದುದನ್ನೂ ಅದರೊಳಗೆ ಸುರಿದು ಮುಚ್ಚಳ ತಿರುವಿದ. ಒಮ್ಮೆ ಬಿಗಿ ಮಾಡಿ, ನಂಬಿಕೆಯಾಗದೆ ಮತ್ತೊಮ್ಮೆ ಬಿಗಿ ಮಾಡಿದ.

“ಯವ್ವಾ, ಇದನ್ನ ಮನಿಗೆ ಒಯ್ಯಿ.”

“ನೀನೂ ಆಕಿ ಮಾತು ಕೇಳ್ತಿಯೇನ?”

“ನನ್ನ ಮೈ ಮ್ಯಾಲ ಮಾಡ್ಕೊಂಡಾನ ಇವನು. ನಾ ನೋಡೇನಿ. ಆಕಿ ಮಾತಲ್ಲ ಅದು.” ಅವನ ದನಿಯಲ್ಲಿ ನನ್ನ ಮೇಲಿನ ಸಿಟ್ಟು ಹಾಗೇ ಇತ್ತು. ಅದು ಇಳಿಯಲಿ ಎಂದು ನಾನು ಕಾಯಲಿಲ್ಲ.

“ನಾ ಆ ಒಲಿ ಮುಂದ ಇನ್ನ ಇವನಿಗೆ ಅಡಿಗಿ ಮಾಡೂದಿಲ್ಲ,” ಎಂದೆ. “ಕೊಟ್ಟಗಿ ಮ್ಯಾಲಿನ ಮೇವಿನ ಖೋಲಿ ಖಾಲಿ ಮಾಡ್ರಿ. ನನ್ನ ಒಲಿ ಬ್ಯಾರೆ, ಭಾಂಡಿ ಬ್ಯಾರೆ, ಬಾಗಿಲಿಗೆ ಒಳಗಿನ ಅಗಳಿ. ಮುಂಜಾನಿ ಹಾಲಿನ ಹೊತ್ತಿಗೆ ಅಗಳಿ ತಗಿಯೂದಿಲ್ಲ. ಅದಾದ ಮ್ಯಾಲ ಡಾಕ್ಟರು ಬಿಡ್ತಾರ, ನಾ ಬರ್ತೇನಿ. ಇಲ್ಲಂದ್ರ ಬರೂದಿಲ್ಲ.”

ಅತ್ತೆ ಎದ್ದು ನಿಂತರು. “ಮನಿ ಒಡೀತಿಯೇನು? ಒಂದು ಒಳಲಿ ಹಾಲಿಗೆ ಮನಿ ಒಡೀತಿಯೇನು?”

“ಹೌದ್ರಿ.”

“ಅಪ್ಪ ಒಪ್ಪೂದಿಲ್ಲ,” ಎಂದ ಮಾಲತೇಶ.

“ಒಪ್ಪಬ್ಯಾಡಂತ ಹೇಳ್ರಿ. ಹುಲ್ಲು ಯಾವಾಗ ಇಳಸ್ತೀರಿ?”

ಅವನು ಡಬ್ಬಿಯನ್ನು ಅವ್ವನ ಚೀಲಕ್ಕೆ ಹಾಕಿದ. ಕಿಟಕಿಯ ಹೊರಗೆ ನೋಡಿದ, ಬೈಕಿನ ಕೀಲಿಯನ್ನು ಬೆರಳಲ್ಲಿ ತಿರು ತಿರುವಿದ. “ಈಗ ಹೋಗಿ ಇಳಸ್ತೇನಿ,” ಎಂದ. “ಅಗಳಿ ಹಚ್ಚಾಕ ಬಡಿಗ್ಯಾ ನಾಳೆ ಸಿಗತಾನ.”

ಅತ್ತೆ ನನ್ನ ಕಡೆ ನೋಡದೆ, ಮಗುವಿನ ಕಡೆಯೂ ನೋಡದೆ, ಚೀಲ ಹಿಡಿದು ಅವನಿಗಿಂತ ಮೊದಲೇ ಬಾಗಿಲು ದಾಟಿದರು. ಹೋಗುತ್ತ ಕಾರಿಡಾರಿನಲ್ಲಿ ಯಾರಿಗೋ ನನ್ನ ಬಗ್ಗೆ ಹೇಳಲು ಶುರು ಮಾಡಿದ್ದು ಕೇಳಿಸಿತು.

ನರ್ಸ್ ಅಡುಗೆಮನೆಯಿಂದ ಅಕ್ಕಿಯ ಗಂಜಿ ತಂದುಕೊಟ್ಟಳು. ಉಪ್ಪು ಮತ್ತು ನೀರು ಬಿಟ್ಟರೆ ಅದರಲ್ಲಿ ಏನೂ ಇರಲಿಲ್ಲ. ನಾನು ಮೊದಲು ಮೂಸಿ, ನಾಲಿಗೆಗೆ ಹಚ್ಚಿ ನೋಡಿ, ಆಮೇಲೆ ಕೊಟ್ಟೆ. ಪ್ರತಾಪ ಒಂದು ಚಮಚ ನುಂಗಿದ. ಎರಡನೆಯದನ್ನು ತುಟಿಯಿಂದ ತಳ್ಳಿದ. ಅಜ್ಜಿ ಹೋದ ಬಾಗಿಲ ಕಡೆ ಬೆರಳು ತೋರಿಸಿ ಕಿರುಚಿದ, ಪಟ್ಟಿ ಕಟ್ಟಿದ ಕೈಯಿಂದ ನನ್ನ ಕೆನ್ನೆಗೆ ಹೊಡೆದ. ಆ ಕೈಯಲ್ಲಿ ಕಸುವು ಬಂದಿತ್ತು. ನಾನು ಇನ್ನೊಂದು ಚಮಚ ತುಂಬಿ ಅವನ ಸಿಟ್ಟಿಳಿಯುವ ತನಕ ಹಿಡಿದುಕೊಂಡು ಕೂತೆ.